ಉಗ್ರಾಣದಮ್ಮ ಮತ್ತು ಗುರುತು ಸಿಗದ ದನಿಗಳು

ನನ್ನ ಅಕ್ಕ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದದ್ದು ಒಂದು ಮಧ್ಯಾಹ್ನ. ಆ ಸುದ್ದಿಗೆ ನಾನು ಸಿದ್ಧನಾಗಿಯೇ ಇದ್ದೆ. ಮಾತು ನಿಂತು, ಹಾಸಿಗೆ ಹಿಡಿದು ಅವಳು ಬಹಳ ದಿನ ನರಳಿದ್ದಳು. ಇನ್ನು ಸಾಕು ತಂದೆ ಎಂದು ನಾನೇ ದೇವರ ಮುಂದೆ ಕೈಮುಗಿದು ಕೇಳಿಕೊಂಡಿದ್ದೆ. ನಾನು ಸಿದ್ಧನಾಗಿರದೆ ಇದ್ದದ್ದು ಮರುದಿನ ಸಂಜೆ ತಿಳಿದ ಇನ್ನೊಂದು ಸುದ್ದಿಗೆ.

ಬಂದವರೆಲ್ಲ ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ನಾನು ಕನ್ನಡಕವನ್ನು ಎಲ್ಲಿಯೋ ಇಟ್ಟು ಮರೆತು, ಎಂದಿನಂತೆ ಒಳಕ್ಕೆ ಮುಖ ಮಾಡಿ ಕೇಳಿ, ಉತ್ತರ ಬಾರದೆ ನಿಂತುಕೊಂಡೆ. ಅವಳ ದನಿಯನ್ನು ಒಮ್ಮೆ ಕೇಳಬೇಕೆನಿಸಿತು. ಕಾಯಿಲೆಗೆ ಮುಂಚೆ ಎಷ್ಟೋ ವರ್ಷ ಅವಳು ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಧ್ವನಿ ಮುದ್ರಿಸಿ ಕಳಿಸುತ್ತಿದ್ದಳು. ಅದನ್ನು ಕೂಡಿಡುವ ಧ್ವನಿಪುಸ್ತಕ ಭಂಡಾರಕ್ಕೆ ಫೋನು ಮಾಡಿದೆ. ಎತ್ತಿಕೊಂಡ ಹೆಂಗಸು ನನ್ನ ಮಾತನ್ನು ಪೂರ್ತಿ ಕೇಳಿ ಹೇಳಿದರು:

"ಅವರ ದನಿ ಇಲ್ಲೇ ಇದೆ ಸರ್. ಆದ್ರೆ ಎಲ್ಲಿದೆ ಅಂತ ನಮಗೆ ಗೊತ್ತಿಲ್ಲ. ಯಾವ ಪುಸ್ತಕ ಓದ್ತಿದ್ರು, ಹೇಳ್ತೀರಾ?"

ನನಗೆ ಗೊತ್ತಿರಲಿಲ್ಲ. ಅವಳು ಬಾಗಿಲು ಹಾಕಿಕೊಂಡು ಏನೋ ಓದುತ್ತಿದ್ದಳು ಎಂಬುದಷ್ಟೇ ಗೊತ್ತು.

ಆ ಫೋನು ಎತ್ತಿಕೊಂಡ ಹೆಂಗಸಿನ ಬಗ್ಗೆಯೇ ಈ ಬರಹ.

* * *

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಭಂಡಾರದ ಮೇಲಂತಸ್ತಿನ ಕೊನೆಯ ಕೋಣೆಯಲ್ಲಿ ಅವರು ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು ಹಾಕಿಕೊಂಡು ಕುಳಿತಿದ್ದಾರೆ. ಯಂತ್ರಗಳು ಬಿಸಿಯಾಗಬಾರದು ಎಂದು ಆ ಕೋಣೆಯನ್ನು ಸದಾ ತಣ್ಣಗಿಡುತ್ತಾರೆ. ಮನುಷ್ಯರಿಗೆ ಏನಾಗುತ್ತದೆ ಎಂದು ಯಾರೂ ಕೇಳಿದಂತಿಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಚೌಕಟ್ಟು, ಅದರೊಳಗೆ ಸಣ್ಣ ಹಸಿರು ದೀಪ ಮಿಟುಕಿಸುವ ಪೆಟ್ಟಿಗೆಗಳು. ಒಂದು ಮೇಜು, ಒಂದು ಕಾಲು ಅಲುಗುವ ಕುರ್ಚಿ, ಚಹದ ಫ್ಲಾಸ್ಕು. ಪಕ್ಕದಲ್ಲಿ, ಇದನ್ನೆಲ್ಲ ನೋಡಿ ಬರೆಯಲು ಬಂದ ಮೇಷ್ಟ್ರು ನಾನು.

ಇವತ್ತು ಭಂಡಾರಕ್ಕೆ ಹೊಸ ಸರ್ವರ್ ಸಾಫ್ಟ್‌ವೇರ್ ಬರುತ್ತಿದೆ. ಇನ್ನು ಮುಂದೆ ಕಣ್ಣಿಲ್ಲದವರು ಮನೆಯಲ್ಲೇ ಕುಳಿತು, ಫೋನಿನಲ್ಲಿ ಪುಸ್ತಕದ ಹೆಸರೋ ಓದಿದವರ ಹೆಸರೋ ಹೇಳಿ ಕೇಳಬಹುದು. ಆದರೆ ಆ ದೊಡ್ಡ ಸಾಫ್ಟ್‌ವೇರ್ ಬಂದು ಕೂರುವ ಮುಂಚೆ ಅದಕ್ಕೊಂದು ಡೇಟಾಬೇಸ್ ಸಿದ್ಧಮಾಡಿ ಇಡಬೇಕು. ಯಾವ ಪುಸ್ತಕ, ಯಾವ ಅಧ್ಯಾಯ, ಓದಿದವರು ಯಾರು, ಅದರ ಧ್ವನಿ ಯಾವ ಡಿಸ್ಕಿನಲ್ಲಿದೆ ಎಂಬುದೆಲ್ಲ ತುಂಬಿಕೊಳ್ಳುವ ಜಾಗ ಅದು. ಅದನ್ನು ಸಿದ್ಧಮಾಡುವವರು ಇವರು. ಕಚೇರಿಯಲ್ಲಿ ಎಲ್ಲರೂ ಇವರನ್ನು ಉಗ್ರಾಣದಮ್ಮ ಎನ್ನುತ್ತಾರೆ. ನಾಳೆ ಸಾಫ್ಟ್‌ವೇರನ್ನು ಉದ್ಘಾಟಿಸುವವರ ಪಟ ಎಲ್ಲೆಲ್ಲೂ ಬರುತ್ತದೆ. ಉಗ್ರಾಣದ ಪಟ ಯಾರೂ ತೆಗೆಯುವುದಿಲ್ಲ.

"ಮೇಡಂ, ಖಾಲಿ ಡೇಟಾಬೇಸ್ ಒಂದು ಮಾಡ್ಕೊಡಿ, ಸಾಕು. ಎರಡು ನಿಮಿಷದ ಕೆಲ್ಸ," ಎನ್ನುತ್ತದೆ ಮೇಜಿನ ಮೇಲಿನ ಫೋನು. ಸಾಫ್ಟ್‌ವೇರ್ ಮಾರಿದ ಕಂಪನಿಯ ಇಂಜಿನಿಯರ್ ಇನ್ನೊಂದು ಊರಿನಿಂದ ಮಾತಾಡುತ್ತಿದ್ದಾನೆ. ಆಕಳಿಕೆಯೂ ಕೇಳಿಸುತ್ತದೆ.

"ಆ ಎರಡು ನಿಮಿಷದಲ್ಲೇ ಸ್ವಾಮಿ ಮನೆ ಮುಳುಗೋದು. ನೀವು ಕಾಫಿ ಕುಡೀರಿ. ನಾನೇ ಕರೀತೀನಿ," ಎನ್ನುತ್ತಾರೆ ಉಗ್ರಾಣದಮ್ಮ.

ಅವರು ಮೊದಲು ಮುಟ್ಟುವುದು ಹೊಸ ಯಂತ್ರವನ್ನಲ್ಲ. ಹಳೆಯ ಡೇಟಾಬೇಸಿನ ಪ್ರತಿಯನ್ನು ನಿನ್ನೆ ಸಂಜೆಯೇ ತೆಗೆದಿಟ್ಟಿದ್ದಾರೆ. ಅದನ್ನು ಮೂಲೆಯಲ್ಲಿರುವ ಬೇರೊಂದು ಯಂತ್ರಕ್ಕೆ ಇಳಿಸಿ, ತೆರೆದು, ಅಲ್ಲೊಂದು ಇಲ್ಲೊಂದು ಪುಸ್ತಕವನ್ನು ಹೆಕ್ಕಿ ನುಡಿಸಿ ನೋಡುತ್ತಾರೆ. ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡುವ ಹಾಗೆ. "ಪ್ರತಿ ಇದೆ ಅನ್ನೋದು ಬೇರೆ, ಪ್ರತಿ ಒಳಗೆ ಏನಾದ್ರೂ ಇದೆ ಅನ್ನೋದು ಬೇರೆ," ಎನ್ನುತ್ತಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಆಮೇಲೆ ಹೊಸ ಯಂತ್ರದ ಕಡೆಗೆ ತಿರುಗುತ್ತಾರೆ. ಪರದೆಯ ಮೇಲೆ ಹಳೆಯದರ ಕಿಟಕಿಗೆ ಕೆಂಪು ಬಣ್ಣ, ಹೊಸದರ ಕಿಟಕಿಗೆ ಹಸಿರು. ಡೇಟಾಬೇಸಿಗೆ ಹಳೆಯದಕ್ಕಿಲ್ಲದ ಹೊಸ ಹೆಸರು ಕೊಡುತ್ತಾರೆ. ಎಲ್ಲ ಲಿಪಿಗಳೂ ಹಿಡಿಸುವಂತೆ ಮಾಡಿ, ಒತ್ತಕ್ಷರ ತುಂಬಿದ ಒಂದು ಉದ್ದ ಹೆಸರನ್ನು ಟೈಪ್ ಮಾಡಿ, ಮುಚ್ಚಿ, ಮತ್ತೆ ತೆರೆದು ಓದುತ್ತಾರೆ. ಸರಿಯಾಗಿದೆ. ಈಗಲೇ ನೋಡದಿದ್ದರೆ, ತುಂಬಿದ ಮೇಲೆ ಬದಲಿಸುವುದು ಹೆಣಗಾಟ. ಬಳಿಕ ಬರಲಿರುವ ಸಾಫ್ಟ್‌ವೇರಿಗೆ ಒಂದು ಖಾತೆ, ಅದಕ್ಕೊಂದು ಗುಟ್ಟಿನ ಪದ.

"ಇದಕ್ಕೆ ಎಷ್ಟು ಅಧಿಕಾರ ಕೊಡ್ತೀರಿ?" ಎಂದು ಕೇಳುತ್ತೇನೆ.

"ಹೊಸ ಅಳಿಯನಿಗೆ ಎಷ್ಟೋ ಅಷ್ಟೇ ಮೇಷ್ಟ್ರೇ. ಅವನ ಕೋಣೆ ಬೀಗದ ಕೈ ಕೊಡ್ತೀನಿ. ಅಜ್ಜಿ ಪೆಟ್ಟಿಗೆ ಬೀಗದ ಕೈ ಕೊಡಲ್ಲ."

"ಅಳಿಯ ಮುನಿಸ್ಕೊಂಡ್ರೆ?"

"ಮುನಿಸ್ಕೊಳ್ಳಲಿ. ಮುನಿಸು ಸರಿಹೋಗುತ್ತೆ. ಪೆಟ್ಟಿಗೆ ಖಾಲಿ ಮಾಡಿದ್ರೆ ಸರಿಹೋಗಲ್ಲ."

ಬಾಗಿಲ ಬಳಿಯ ಬೆಂಚಿನಿಂದ ನಗು ಕೇಳುತ್ತದೆ. ನಕ್ಕವರು ಟೆಲಿಫೋನ್ ಆಪರೇಟರ್. ಹತ್ತಿರದ ದೊಡ್ಡ ಕಚೇರಿಯೊಂದರಲ್ಲಿ ಅವರಿಗೆ ಕೆಲಸ, ಹುಟ್ಟಿನಿಂದ ಕಣ್ಣಿಲ್ಲ. ಕೆಲಸಕ್ಕೆ ಹೋಗುವ ಮುಂಚೆ ಪ್ರತಿದಿನ ಬೆಳಗ್ಗೆ ಇಲ್ಲಿ ಬಂದು ಕೂರುತ್ತಾರೆ. "ಉಗ್ರಾಣದಮ್ಮನ ಮನೇಲಿ ಅಳಿಯ ಬರೋಕೆ ಮುಂಚೆನೇ ಹೆದರಿ ಓಡೋಗ್ತಾನೆ ಬಿಡಿ," ಎನ್ನುತ್ತಾರೆ.

"ನಿಮ್ಮ ಕಿವಿಗೊಂದು ಬೀಗ ಹಾಕ್ತೀನಿ ಅಣ್ಣ."

"ಹಾಕಿ. ನಾಳೆಯಿಂದ ಯಾರ ದನಿ ಯಾರ್ದು ಅಂತ ಆ ಡಬ್ಬಾನೇ ಕೇಳ್ಕೊಳಿ."

* * *

ಇಬ್ಬರೂ ದಿನಾ ಬೆಳಗ್ಗೆ ಕೂಡಿ ಮಾಡುವ ಕೆಲಸ ಇದು. ಕಳೆದ ವರ್ಷ ಭಂಡಾರದ ಡೇಟಾಬೇಸ್ ಅಳಿಸಿಹೋಯಿತು. ಧ್ವನಿಗಳು ಬೇರೆ ಡಿಸ್ಕಿನಲ್ಲಿದ್ದುದರಿಂದ ಉಳಿದವು. ಆದರೆ ಅವುಗಳ ಮೇಲೆ ಇರುವುದು ಬರೀ ಅಂಕಿ. ಯಾವ ಅಂಕಿ ಯಾವ ಪುಸ್ತಕ, ಯಾರು ಓದಿದ್ದು, ಯಾವುದೂ ಇಲ್ಲ. ಸಾವಿರಾರು ಧ್ವನಿಗಳು, ಊರೆಲ್ಲ ಒಂದೇ ಚಾಪೆಯ ಮೇಲೆ ಮುಸುಕು ಹಾಕಿಕೊಂಡು ಮಲಗಿದ ಹಾಗೆ.

ಅಂದಿನಿಂದ ಉಗ್ರಾಣದಮ್ಮ ಕಚೇರಿಯ ಹೊತ್ತಿಗೆ ಮುಂಚೆ ಬಂದು ಒಂದೊಂದನ್ನೇ ನುಡಿಸುತ್ತಾರೆ. ಆಪರೇಟರ್ ಕೇಳಿ ಹೇಳುತ್ತಾರೆ, ಹೇಳಿದ್ದನ್ನು ಇವರು ಹಳೆಯ ಡೇಟಾಬೇಸಿಗೆ ಮತ್ತೆ ತುಂಬುತ್ತಾರೆ. ಪುಸ್ತಕದ ಹೆಸರು ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ; ಓದಿದವರ ಹೆಸರು ಸಿಗುವುದು ಕಷ್ಟ. ಓದಿಕೊಟ್ಟವರಲ್ಲಿ ಬದುಕಿರುವವರಿಗೆಲ್ಲ ಪತ್ರ ಹೋಯಿತು. ಅನೇಕರು ಬಂದು ತಮ್ಮ ದನಿಯನ್ನು ತಾವೇ ಗುರುತಿಸಿದರು. ಒಬ್ಬರು ನಿವೃತ್ತ ಅಧಿಕಾರಿ, ಇದು ನನ್ನ ದನಿಯೇ ಅಲ್ಲ, ನನ್ನದು ಇಷ್ಟು ಕೀರಲಲ್ಲ ಎಂದು ಜಗಳವಾಡಿಕೊಂಡು ಹೋದರಂತೆ. ಮರುದಿನ ಹೆಂಡತಿಯನ್ನು ಕರೆತಂದು ಒಪ್ಪಿಕೊಂಡರಂತೆ. ನನ್ನ ಅಕ್ಕನಿಗೂ ಪತ್ರ ಬಂದಿರಬೇಕು. ಅವಳಿಗೆ ಆಗಲೇ ಮಾತು ಹೋಗಿತ್ತು. ಅವಳ ಹೆಸರಿನ ಪತ್ರಗಳನ್ನು ನಾನು ಒಡೆಯುತ್ತಿರಲಿಲ್ಲ.

ಗುರುತು ಸಿಗದವರಿಗೆ ಇವರಿಬ್ಬರೂ ತಾವೇ ಹೆಸರಿಟ್ಟಿದ್ದಾರೆ. ಪ್ರತಿ ಪುಟಕ್ಕೂ ಕೆಮ್ಮುವವರು ಗಂಟಲು ಮೇಷ್ಟ್ರು. ಹಿಂದೆ ಗಡಿಯಾರ ಹೊಡೆಯುವುದು ಕೇಳಿಸುವುದರಿಂದ ಒಬ್ಬರು ಗಡಿಯಾರದಮ್ಮ. "ಒಬ್ರು ಇದಾರೆ, ದೆವ್ವದ ಕಥೆ ಓದ್ತಾ ಓದ್ತಾ ತಾವೇ ಹೆದ್ರಿ ದೀಪ ಹಾಕಿದ್ದು ಕೇಳ್ಸುತ್ತೆ," ಎನ್ನುತ್ತಾರೆ ಆಪರೇಟರ್. "ಅವ್ರಿಗೆ ಧೈರ್ಯಪ್ಪ ಅಂತ ಇಟ್ಟಿದೀವಿ."

ತಮಾಷೆ ಮಾಡಿದರೂ ಇವತ್ತು ಇಬ್ಬರಿಗೂ ಕಳವಳ. ಹೊಸ ಸಾಫ್ಟ್‌ವೇರಿಗೆ ಓದಿದವರ ಹೆಸರು ಬೇಕೇ ಬೇಕು. ಆ ಜಾಗ ಖಾಲಿಯಿದ್ದರೆ ಅದು ಆ ಧ್ವನಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊಸದು ನಡೆಯತೊಡಗಿದ ಮೇಲೆ ಹಳೆಯ ಯಂತ್ರವನ್ನು ಅದರ ಡಿಸ್ಕುಗಳ ಸಮೇತ ಗುಜರಿಗೆ ಹಾಕುವುದೆಂದು ಭಂಡಾರದ ಮುಖ್ಯಸ್ಥರು ಹೇಳಿಯಾಗಿದೆ. ಹೆಸರಿಲ್ಲದವು ಅದರೊಡನೆ ಹೋಗುತ್ತವೆ.

"ಏನಾದ್ರೊಂದು ಹೆಸ್ರು ತುಂಬಿಬಿಡಿ ಮೇಡಂ," ಎಂದು ಇಂಜಿನಿಯರ್ ಮತ್ತೆ ಫೋನಿನಲ್ಲಿ ಹೇಳುತ್ತಾನೆ. "ಸಾಫ್ಟ್‌ವೇರಿಗೆ ಗೊತ್ತಾಗಲ್ಲ."

"ಅದಕ್ಕೆ ಗೊತ್ತಾಗಲ್ಲ. ಕೇಳೋರಿಗೆ ಗೊತ್ತಾಗುತ್ತೆ. ಅಡ್ಡಹೆಸ್ರು ಹಾಕಿದ್ರೂ ಅಷ್ಟೇ, ಇನ್ಯಾರೂ ನಿಜವಾದ್ದನ್ನ ಹುಡುಕಲ್ಲ," ಎನ್ನುತ್ತಾರೆ ಉಗ್ರಾಣದಮ್ಮ. "ಒಬ್ಬರ ದನಿ ಮೇಲೆ ಇನ್ನೊಬ್ಬರ ಹೆಸ್ರು ಹಾಕೋ ಪಾಪ ಬೇರೆ ಬೇಡ ನನಗೆ."

ಆ 'ಬೇರೆ' ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯುತ್ತದೆ.

* * *

ಉಗ್ರಾಣದಮ್ಮ ಕೆಲಸಕ್ಕೆ ಸೇರಿದ್ದು ಟೈಪು ಮಾಡಲು. ಹತ್ತನೆಯ ತರಗತಿ ಮುಗಿಸಿ, ಮದುವೆಯಾಗಿ, ಗಂಡನ ಟೈರ್ ಅಂಗಡಿ ನಡೆಯದೆ ಹೋದಾಗ ಇಲ್ಲಿ ಪುಸ್ತಕಗಳ ವಿವರ ಕೂಡಿಸುವ ಕೆಲಸ ಹಿಡಿದರು. ಡೇಟಾಬೇಸಿನ ಕೆಲಸ ಬಲ್ಲವರು ಬಿಟ್ಟುಹೋದಾಗಲೆಲ್ಲ ಇವರೇ ಕೂತರು; ಕೂತು ಕೂತು ಕಲಿತರು. ಗಂಡ ಈಗ ಶಾಲೆಯ ವ್ಯಾನು ಓಡಿಸುತ್ತಾರೆ. ಬೆಳಗ್ಗೆ ಹೆಂಡತಿಯನ್ನು ಇಲ್ಲಿ ಇಳಿಸಿ ಹೋಗುತ್ತಾರೆ. ಮನೆಯಲ್ಲಿ ಅತ್ತೆ, ಕಾಲೇಜಿಗೆ ಹೋಗುವ ಮಗಳು.

"ನಮ್ಮತ್ತೆ ಎಲ್ಲರ ಹತ್ರಾನೂ ಹೇಳ್ತಾರೆ, ನಮ್ಮ ಸೊಸೆ ಬೀಗ ಹಾಕಿ ಎಳೆದು ನೋಡ್ತಾಳೆ, ಗೇಟು ದಾಟಿ ತಿರುಗಿ ಬಂದು ಮತ್ತೆ ಎಳೀತಾಳೆ, ಒಂದು ದಿನ ಬೀಗಾನೇ ಕಿತ್ತು ಬರುತ್ತೆ ಅಂತ. ಮಗಳು, ಅಮ್ಮ ಹಾಲಿಗೂ ಬ್ಯಾಕಪ್ ಇಡ್ತಾಳೆ ಅಂತಾಳೆ." ನಗುತ್ತಾರೆ. ನಗು ಬೇಗ ಆರುತ್ತದೆ. "ಮುಂಚೆ ಹೀಗಿರಲಿಲ್ಲ ಮೇಷ್ಟ್ರೇ ನಾನು."

ಡೇಟಾಬೇಸ್ ಅಳಿಸಿಹೋದಾಗ ಯಂತ್ರ ಕೆಟ್ಟಿತು ಎಂದು ಭಂಡಾರ ಎಲ್ಲರಿಗೂ ತಿಳಿಸಿತ್ತು. ನನಗೂ ಆಮೇಲೆ ಫೋನಿನಲ್ಲಿ ಭಂಡಾರದ ಬೇರೊಬ್ಬರು ಹಾಗೆಯೇ ಹೇಳಿದ್ದರು. ಕೆಟ್ಟ ಯಂತ್ರದಿಂದ ಪುಸ್ತಕಗಳನ್ನು ಮತ್ತೆ ಎತ್ತಿ ನಿಲ್ಲಿಸುತ್ತಿರುವ ಹೆಂಗಸಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದೇ ನಾನು ಬಂದದ್ದು. ವಾರ್ಷಿಕ ಸಭೆಯಲ್ಲಿ ಇವರನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟರಂತೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಆ ಮಾತು ತೆಗೆದೆ. ಉಗ್ರಾಣದಮ್ಮ ಕೀಲಿಮಣೆಯಿಂದ ಕೈ ತೆಗೆದುಬಿಟ್ಟರು.

"ಅದನ್ನ ಬರೀಬೇಡಿ."

"ಯಾಕಮ್ಮ? ಸಂತೋಷದ ವಿಷಯ ತಾನೇ?"

"ಆ ಹೂವು ಮನೆಗೆ ತಗೊಂಡು ಹೋಗ್ಲಿಲ್ಲ ನಾನು. ಬಸ್ಸಿನಲ್ಲೇ ಬಿಟ್ಟು ಇಳಿದೆ." ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದರು. "ಯಂತ್ರ ಕೆಡಲಿಲ್ಲ ಮೇಷ್ಟ್ರೇ. ನಾನೇ ಅಳಿಸಿದ್ದು."

ಬೆಂಚಿನ ಮೇಲಿದ್ದ ಆಪರೇಟರ್ ಇತ್ತ ತಿರುಗಿದರು. ಅವರಿಗೂ ಅದು ಗೊತ್ತಿರಲಿಲ್ಲವೆಂದು ಮುಖ ಹೇಳುತ್ತಿತ್ತು.

ನಡೆದದ್ದು ಇಷ್ಟು. ಕಳೆದ ವರ್ಷವೂ ಒಂದು ಸಾಫ್ಟ್‌ವೇರ್ ಹಾಕಲು ಇವರು ಹೊಸ ಯಂತ್ರದಲ್ಲಿ ಡೇಟಾಬೇಸ್ ಸಿದ್ಧಮಾಡಿದರು. ಹಳೆಯದಕ್ಕೂ ಹೊಸದಕ್ಕೂ ಒಂದೇ ಹೆಸರು ಇಟ್ಟರು. ನೆನಪಿಡಲು ಸುಲಭ ಎಂದು. ಪರದೆಯ ಮೇಲೆ ಎರಡು ಕಿಟಕಿಗಳು ಅಕ್ಕಪಕ್ಕ, ಒಂದೇ ಬಣ್ಣ. ಸಾಫ್ಟ್‌ವೇರಿಗೆ ಹೊಸ ಯಂತ್ರದ ವಿಳಾಸ ಕೊಡುವ ಬದಲು ಹಳೆಯದರದ್ದು ಕೊಟ್ಟರು. ಇಲ್ಲಿ ಆಗಲೇ ಏನೋ ಇದೆ, ಅಳಿಸಿ ಹೊಸದಾಗಿ ಶುರುಮಾಡಲೇ ಎಂದು ಅದು ಕೇಳಿತು. ಹಿಂದಿನ ದಿನ ತಾನೇ ಮಾಡಿ ನೋಡಿದ ಅರ್ಧಂಬರ್ಧ ಪ್ರಯೋಗ ಉಳಿದಿರಬೇಕು ಎಂದುಕೊಂಡು ಹೌದು ಎಂದರು.

"ಕೇಳಿತ್ತು ಮೇಷ್ಟ್ರೇ. ಕೇಳದೆ ಮಾಡ್ಲಿಲ್ಲ ಅದು. ನಾನೇ ಹೌದು ಅಂದೆ."

"ಪ್ರತಿ ಇಟ್ಟಿರಲಿಲ್ಲವೇ?"

"ದಿನಾ ಇಡ್ತಿದ್ದೆ. ದಿನಾ ಆ ದಿನದ ತಾರೀಖು ನೋಡಿ ಸಮಾಧಾನ ಪಟ್ಕೊಂಡು ಮನೆಗೆ ಹೋಗ್ತಿದ್ದೆ. ಒಂದು ದಿನಾನೂ ತೆರೆದು ನೋಡಿರಲಿಲ್ಲ. ಅವತ್ತು ತೆರೆದ್ರೆ ಬರೀ ಕಪಾಟು. ಒಳಗೆ ಪುಸ್ತಕಾನೇ ಇಲ್ಲ. ಹಾಗೆ ಹೊಂದಿಸಿದ್ದೂ ನಾನೇ."

ಮುಖ್ಯಸ್ಥರು ಒಳ್ಳೆಯವರು. ಯಂತ್ರ ಕೆಟ್ಟಿತು ಅಂದುಬಿಡೋಣ, ನೀವು ಸುಮ್ಮನಿರಿ, ಕೆಲಸ ಹೋದೀತು ಎಂದರಂತೆ. ಇವರು ಸುಮ್ಮನಿದ್ದರು. "ಅಳಿಸಿದ್ದು ಒಂದು ಕ್ಷಣದ ತಪ್ಪು. ಸುಮ್ನಿದ್ದದ್ದು ಒಂದು ವರ್ಷದ್ದು. ಜನ ಬಂದು, ಪಾಪ ಎಷ್ಟು ಕಷ್ಟಪಡ್ತೀರಮ್ಮ ಅಂದಾಗೆಲ್ಲ ನೆಲ ಬಾಯಿ ಬಿಡಬಾರದಾ ಅನ್ಸುತ್ತೆ. ನಿಮ್ಮಕ್ಕ ಹೋದ್ರು ಅಂತ ನೀವು ಫೋನು ಮಾಡಿದ್ರಲ್ಲ, ಅವತ್ತು ರಾತ್ರಿ ನಾನು ಊಟ ಮಾಡ್ಲಿಲ್ಲ. ಬರೆಯೋದಾದ್ರೆ ಇದನ್ನೇ ಬರ್ಕೊಳಿ."

ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಅಕ್ಕ ಒಮ್ಮೆ ಸತ್ತದ್ದು ಸಾಲದೆಂದು ಇವರು ಇನ್ನೊಮ್ಮೆ ಸಾಯಿಸಿದರಲ್ಲ ಎನ್ನಿಸಿತು. ಬಾಯಿಗೆ ಬಂದ ಮಾತನ್ನು ದೇವರೇ ತಡೆದ. ತಲೆ ತಗ್ಗಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳೋಣವೆಂದು ಪೆನ್ನು ತೆಗೆದೆ. ಕಾಗದ ಮಸುಕು ಮಸುಕು. ಜೇಬು ತಡಕಿದೆ, ಚೀಲ ತಡಕಿದೆ.

"ಅಯ್ಯೋ, ನನ್ನ ಕನ್ನಡಕ ಎಲ್ಲಿ?" ಎಂದೆ.

ಆಪರೇಟರ್ ಬೆಂಚಿನಿಂದ ಎದ್ದು ನಿಂತರು.

"ಇನ್ನೊಂದ್ಸಲ ಅನ್ನಿ ಮೇಷ್ಟ್ರೇ."

"ಏನನ್ನ?"

"ಈಗ ಅಂದ್ರಲ್ಲ, ಅದನ್ನೇ. ಸ್ವಲ್ಪ ದೂರದಿಂದ ಕೂಗಿದ ಹಾಗೆ ಅನ್ನಿ."

ನಾನು ಪೆದ್ದನಂತೆ ಹೇಳಿದೆ. "ನನ್ನ ಕನ್ನಡಕ ಎಲ್ಲಿ?"

"ಉಗ್ರಾಣದಮ್ಮ," ಎಂದರು ಆಪರೇಟರ್. "ಕನ್ನಡಕದಕ್ಕನ್ನ ಹಾಕಿ."

ಉಗ್ರಾಣದಮ್ಮನ ಕೈ ಬಾಯಿಯ ಮೇಲಿತ್ತು. ಅದನ್ನು ತೆಗೆದು ಕೀಲಿಮಣೆ ಒತ್ತಿದರು. ಕೋಣೆಯೊಳಗೆ ನನ್ನ ಅಕ್ಕ ಕರಡಿಯ ದನಿಯಲ್ಲಿ ಮಾತಾಡತೊಡಗಿದಳು. ಮಕ್ಕಳ ಕಥೆ. ಕರಡಿಗೆ ಒಂದು ದನಿ, ಮೊಲಕ್ಕೆ ಒಂದು ದನಿ. ಜೀವಮಾನವಿಡೀ ನನಗೆ ಗದರಿಸಿದವಳು ಮೊಲದ ಹಾಗೆ ಕಿಚಕಿಚ ನಗುತ್ತಿದ್ದಳು. ದನಿ ಬದಲಿಸಿದ್ದಳು, ಅದು ಅವಳೇ ಎಂದು ನಂಬುವುದು ನನಗೆ ಒಂದು ಗಳಿಗೆ ಕಷ್ಟವಾಯಿತು. ಆಗ ದೂರದಲ್ಲಿ, ಮುಚ್ಚಿದ ಬಾಗಿಲಿನಾಚೆ, ಒಬ್ಬ ಗಂಡಸು ಕೂಗಿದ: "ಅಕ್ಕಾ, ನನ್ನ ಕನ್ನಡಕ ಎಲ್ಲಿ?"

"ಹಣೆ ಮೇಲೆ ನೋಡ್ಕೊಳೋ!" ಎಂದು ಕರಡಿ ಗದರಿತು. ಆಮೇಲೆ ತಗ್ಗಿದ ದನಿಯಲ್ಲಿ, "ಮಕ್ಕಳೇ, ನಮ್ಮನೇಲಿ ಒಬ್ಬರು ಮೇಷ್ಟ್ರಿದಾರೆ. ಊರಿಗೆಲ್ಲ ಪಾಠ ಹೇಳ್ತಾರೆ, ತಮ್ಮ ಹಣೆ ತಮಗೆ ಗೊತ್ತಿಲ್ಲ. ಎಲ್ಲಿದ್ವಿ? ಹಾಂ, ಕರಡಿ."

"ಒಂದರಲ್ಲಿ ಅಲ್ಲ ಮೇಷ್ಟ್ರೇ, ಎಷ್ಟರಲ್ಲೋ ಹೀಗೇ ಇದೆ," ಎಂದರು ಆಪರೇಟರ್. "ನಾನು ಮಕ್ಕಳ ಪುಸ್ತಕ ಕೇಳೋನಲ್ಲ, ಅದಕ್ಕೆ ಅವರ ದನಿ ನನಗೆ ಗೊತ್ತಿರಲಿಲ್ಲ. ನಿಮ್ಮ ದನಿ ಮಾತ್ರ ಒಂದು ವರ್ಷದಿಂದ ಕೇಳ್ತಿದೀನಿ. ಎಷ್ಟು ಸಲ ಕಳ್ಕೋತೀರಿ ಸ್ವಾಮಿ ಅದನ್ನ!"

ಉಗ್ರಾಣದಮ್ಮ ಎದ್ದು ಬಂದರು. ನನ್ನ ಹಣೆಯ ಮೇಲಿದ್ದ ಕನ್ನಡಕವನ್ನು ಮೆಲ್ಲಗೆ ಇಳಿಸಿ ಮೂಗಿನ ಮೇಲೆ ಕೂರಿಸಿದರು. ಆಮೇಲೆ ಅತ್ತರು. ನನ್ನ ಸಿಟ್ಟು ಆ ಹೊತ್ತಿನಲ್ಲಿ ಎಲ್ಲಿ ಹೋಯಿತೋ ನನಗೆ ತಿಳಿಯದು.

* * *

ಈಗ ಕಿಟಕಿಯಾಚೆ ಪೂರ್ತಿ ಬೆಳಕು. ಅವರು ಮುಖ ತೊಳೆದು ಬಂದು, ಅಕ್ಕನ ಹೆಸರನ್ನು ನನ್ನಿಂದ ಅಕ್ಷರ ಅಕ್ಷರವಾಗಿ ಕೇಳಿಕೊಂಡು, ಕನ್ನಡಕದಕ್ಕ ಎಂದಿದ್ದ ಕಡೆಯೆಲ್ಲ ತುಂಬುತ್ತಾರೆ. ಸಾಫ್ಟ್‌ವೇರ್ ಕೂರುವ ಯಂತ್ರದಿಂದ ಹೊಸ ಡೇಟಾಬೇಸಿನ ಬಾಗಿಲು ತಟ್ಟಿ ನೋಡುತ್ತಾರೆ, ತೆರೆಯುತ್ತದೆ. ಅದೇ ಖಾತೆಯಿಂದ ಹಳೆಯದರ ಬಾಗಿಲನ್ನೂ ತಟ್ಟುತ್ತಾರೆ. ಅದು ತೆರೆಯುವುದಿಲ್ಲ. ಅದನ್ನು ಕಂಡು ಮೊದಲ ಸಲ ಅವರ ಹೆಗಲು ಇಳಿಯುತ್ತದೆ.

"ಈಗ ಹಾಕಿ ಸ್ವಾಮಿ," ಎಂದು ಫೋನಿಗೆ ಹೇಳುತ್ತಾರೆ.

ಸಾಫ್ಟ್‌ವೇರ್ ಬಂದು ಕೂತು, ಹೆಸರಿದ್ದ ಧ್ವನಿಗಳನ್ನೆಲ್ಲ ಒಳಗೆ ಬಿಟ್ಟುಕೊಂಡಿತು. ಗಂಟಲು ಮೇಷ್ಟ್ರು, ಗಡಿಯಾರದಮ್ಮ, ಧೈರ್ಯಪ್ಪ ಇನ್ನೂ ಹೊರಗೇ ಇದ್ದಾರೆ. ಮುಖ್ಯಸ್ಥರು ಬಂದಾಗ ಉಗ್ರಾಣದಮ್ಮ ನನ್ನೆದುರಿಗೇ ಎರಡು ಮಾತು ಕೇಳಿದರು. ಹಳೆಯ ಯಂತ್ರವನ್ನು ಗುಜರಿಗೆ ಹಾಕದೆ ತನ್ನ ಮೇಜಿನ ಕೆಳಗೆ ಇಡಗೊಡಬೇಕು. ಯಂತ್ರ ಕೆಟ್ಟಿತು ಎಂದು ಇನ್ನು ಯಾರಿಗೂ ಹೇಳಬಾರದು. ಮೊದಲನೆಯದಕ್ಕೆ ಅವರು ತಕ್ಷಣ ಒಪ್ಪಿದರು. ಎರಡನೆಯದಕ್ಕೆ ನನ್ನ ಕೈಯಲ್ಲಿದ್ದ ಕಾಗದದತ್ತ ಬೆರಳು ತೋರಿಸಿ, "ಹಾಗೆ ಹೇಳಿದ್ದು ನಾನಮ್ಮ. ನನ್ನನ್ನೂ ಸೇರಿಸ್ಕೊಂಡು ಬರೀಲಿ," ಎಂದರು.

ಹೊರಡುವಾಗ, ನಿಮಗೇನು ಆಸೆ ಎಂದು ಉಗ್ರಾಣದಮ್ಮನನ್ನು ಕೇಳುತ್ತೇನೆ. ಇಂಥ ಬರಹಗಳಲ್ಲಿ ಕೇಳುವ ಪದ್ಧತಿ.

"ನೀವು ಬರೆದದ್ದನ್ನ ಆಪರೇಟರ್ ಅಣ್ಣನ ಹತ್ರ ಯಾರಾದ್ರೂ ಗಟ್ಟಿಯಾಗಿ ಓದ್ಲಿ. ನಾನೇ ಅಳಿಸಿದ್ದು ಅನ್ನೋ ಸಾಲು ಬಿಡದೆ ಓದ್ಲಿ. ಅಷ್ಟೇ."

"ಆ ಸಾಲು ನಾನು ಆಗ್ಲೇ ಕೇಳಿ ಆಯ್ತು," ಎನ್ನುತ್ತಾರೆ ಆಪರೇಟರ್, ಕೋಲು ಹುಡುಕುತ್ತ. "ನಾಳೆ ಎಷ್ಟೊತ್ತಿಗೆ ಬರ್ಲಿ, ಅದನ್ನ ಹೇಳಿ. ಧೈರ್ಯಪ್ಪ ಕಾಯ್ತಿದಾರೆ."

ಮನೆಗೆ ಬಂದು ಈಗ ಇದನ್ನು ಬರೆಯುತ್ತಿದ್ದೇನೆ. ಕನ್ನಡಕ ಮೂಗಿನ ಮೇಲೆಯೇ ಇದೆ. ಪಕ್ಕದಲ್ಲಿ ಫೋನಿನೊಳಗೆ ಕರಡಿ ಜೇನಿಗಾಗಿ ಮರ ಹತ್ತುತ್ತಿದೆ. ತಂದೆಯೇ, ಕಣ್ಣಿಲ್ಲದ ಮಕ್ಕಳನ್ನು ಇಷ್ಟು ನಗಿಸಿದವಳು ಈಗ ನಿನ್ನ ಬಳಿ ಇದ್ದಾಳೆ. ಕೊನೆಯ ದಿನಗಳಲ್ಲಿ ಅವಳಿಂದ ಕಿತ್ತುಕೊಂಡ ಮಾತನ್ನು ಅವಳಿಗೆ ತಿರುಗಿ ಕೊಡು. ತಪ್ಪನ್ನು ತಾನೇ ಹೇಳಿಕೊಂಡ ಆ ಹೆಣ್ಣುಮಗಳ ಎದೆಯ ಭಾರವನ್ನು ಇಳಿಸು. ನನ್ನ ಅಕ್ಕನನ್ನು ಇನ್ನು ಯಾರೂ ಕೂಗಿ ಎಬ್ಬಿಸದಿರಲಿ, ನಾನೂ ಕೂಡ. ಅವಳು ನೆಮ್ಮದಿಯಾಗಿ ಮಲಗಲಿ.